ಬುಟ್ಟಿ ನೋಡಿ ಅಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಬುಧವಾರ ಬೆಳಿಗ್ಗೆ ಹರಿಹರದ ಕಡೆಯಿಂದ ನಮ್ಮ ಮನೆಗೆ ಒಂದು ಬುಟ್ಟಿ ತರಕಾರಿ ಬರುತ್ತದೆ. ಬೆಳೆದವರು ಏನು ಕೊಡುತ್ತಾರೋ ಅದನ್ನು ತಗೊಳ್ಳಬೇಕು, ಇಂಥದ್ದೇ ಬೇಕು ಅನ್ನುವ ಹಾಗಿಲ್ಲ. ದಾವಣಗೆರೆಯ ನಮ್ಮ ಅಡುಗೆಮನೆ ಎಷ್ಟೋ ವರ್ಷದಿಂದ ಇದೇ ಲೆಕ್ಕದಲ್ಲಿ ನಡೆದಿದೆ: ಆಯಾ ಕಾಲದ ತರಕಾರಿ, ಆದಷ್ಟು ಸಾವಯವ, ಉಳಿದದ್ದನ್ನು ಎಸೆಯದ ಅಡುಗೆ. ಇದನ್ನು ಕೇಳಿದವರು ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ, ಕಾಗದದಲ್ಲಿ ತಿರುಗಿ ತಿರುಗಿ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು. ಅವರ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. ಬೇಕಾದ್ದನ್ನಷ್ಟೇ ಓದಿದರೂ ನಡೆಯುತ್ತದೆ.

## ಶುರು ಮಾಡುವವರಿಗೆ

ಕಾಲಕ್ಕೆ ತಕ್ಕ ಅಡುಗೆ ಅಂತೀರಲ್ಲ, ಮಾರ್ಕೆಟ್ಟಲ್ಲಿ ವರ್ಷವೆಲ್ಲ ಎಲ್ಲ ತರಕಾರಿನೂ ಸಿಗುತ್ತಲ್ವಾ?

ಸಿಗುತ್ತದೆ. ಮೇ ತಿಂಗಳಲ್ಲಿ ಹೂಕೋಸೂ ಸಿಗುತ್ತದೆ. ಆದರೆ ಅದು ಎಲ್ಲಿಂದಲೋ ಲಾರಿ ಹತ್ತಿ ಬಂದದ್ದು. ರೇಟು ಜಾಸ್ತಿ, ರುಚಿ ಕಡಿಮೆ. ಕಾಲದ ತರಕಾರಿಗೆ ಮಸಾಲೆಯ ಆಸರೆ ಬೇಡ. ಜನವರಿಯ ಸೊಗಡಿನ ಅವರೆಕಾಳಿಗೆ ಉಪ್ಪು, ಹಸಿಮೆಣಸಿನಕಾಯಿ, ಒಂದು ಒಗ್ಗರಣೆ ಸಾಕು. ಆಗಸ್ಟಿನಲ್ಲಿ ಫ್ರಿಜ್ಜಿನಿಂದ ತೆಗೆದ ಅವರೆಕಾಳಿಗೆ ಏನು ಅರೆದು ಹಾಕಿದರೂ ಆ ಸೊಗಡು ಬರುವುದಿಲ್ಲ.

ನಾವು ಸಾಮಾನ್ಯವಾಗಿ ಮೊದಲು ಅಡುಗೆ ಗೊತ್ತು ಮಾಡಿಕೊಂಡು ಆಮೇಲೆ ಚೀಲ ಹಿಡಿಯುತ್ತೇವೆ. ಇದು ಅದರ ಉಲ್ಟಾ. ಯಾವುದು ಹೊಸದಾಗಿ ಬಂದಿದೆ, ಯಾವುದು ರಾಶಿ ಬಿದ್ದಿದೆ ನೋಡಿ. ಅಡುಗೆ ಏನು ಅಂತ ಮನೆಗೆ ಬರುವ ದಾರಿಯಲ್ಲಿ ಯೋಚಿಸಿದರಾಯಿತು.

ಹುಳ ಇದ್ರೆ ಸಾವಯವ ಅಂತಾರೆ. ನಿಜಾನಾ? ನಂಬೋದು ಹೇಗೆ?

ಹುಳ ಇದ್ದರೆ ಈಚೆಗೆ ಔಷಧಿ ಹೊಡೆದಿಲ್ಲ ಅಂತ ಹೇಳಬಹುದು, ಅಷ್ಟೇ. ಗೊಬ್ಬರದ ಚೀಲದ ವಿಷಯ ಆ ಹುಳಕ್ಕೇನು ಗೊತ್ತು?

ಪ್ಯಾಕೆಟ್ಟಿನಲ್ಲಿ ಬರುವುದಕ್ಕೆ ಗುರುತುಗಳಿವೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ್ದು 'ಜೈವಿಕ್ ಭಾರತ್' ಗುರುತು. ಪ್ರಮಾಣಪತ್ರಕ್ಕೆ ಎರಡು ದಾರಿ. ಒಂದರಲ್ಲಿ ಹೊರಗಿನ ಸಂಸ್ಥೆಯವರು ಬಂದು ಪರೀಕ್ಷೆ ಮಾಡುತ್ತಾರೆ. ಇನ್ನೊಂದು ಪಿಜಿಎಸ್, ಅಂದರೆ ರೈತರೇ ಸೇರಿ ಖಾತ್ರಿ ಕೊಡುವ ಪದ್ಧತಿ: ಕನಿಷ್ಠ 5 ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ದೃಢಪಡಿಸುತ್ತಾರೆ. ರಾಸಾಯನಿಕ ಬಿಟ್ಟ ಮಾರನೇ ದಿನವೇ ಹೊಲ ಸಾವಯವ ಆಗುವುದಿಲ್ಲ. ಹೊರಗಿನವರು ಪರೀಕ್ಷಿಸುವ ಪದ್ಧತಿಯಲ್ಲಿ ತರಕಾರಿಯಂಥ ವರ್ಷದ ಬೆಳೆಗೆ 2 ವರ್ಷ, ತೆಂಗು, ಮಾವಿನಂಥ ಗಿಡಗಳಿಗೆ 3 ವರ್ಷ ಕಾಯಬೇಕು.

ಬಿಡಿ ತರಕಾರಿಗೆ ಯಾವ ಚೀಟಿಯೂ ಇರುವುದಿಲ್ಲ. ನಾನು ಮಾರುವವರನ್ನು ಕೇಳುವುದು ಒಂದೇ ಮಾತು: 'ಈ ವಾರ ನಿಮ್ಮ ಹೊಲದಲ್ಲಿ ಏನಿಲ್ಲ?' ನಿಜವಾಗಿ ಬೆಳೆಯುವವರ ಹತ್ತಿರ ಇಲ್ಲದ ಪಟ್ಟಿ ದೊಡ್ಡದಿರುತ್ತದೆ. ಒಮ್ಮೆ ಒಂದು ಅಂಗಡಿಯಲ್ಲಿ ಬಿರುಬೇಸಿಗೆಯಲ್ಲಿ ಕ್ಯಾರೆಟ್, ಬಟಾಣಿ, ಹೂಕೋಸು ಎಲ್ಲವೂ ಒಂದೇ ಹೊಲದ ಸಾವಯವ ಅಂದರು. ನಾನು ನಿಂಬೆಹಣ್ಣು ಮಾತ್ರ ತಗೊಂಡು ಬಂದೆ.

ದುಡ್ಡು ಜಾಸ್ತಿ ಆಗುತ್ತೆ. ನಮ್ಮಂಥ ಮನೆಗೆ ಸಾಧ್ಯನಾ?

ಎಲ್ಲವನ್ನೂ ಸಾವಯವ ಮಾಡಲು ಹೊರಟರೆ ಕಷ್ಟವೇ. ಸೊಪ್ಪಿನಿಂದ ಶುರು ಮಾಡಿ. ಆಮೇಲೆ ಬದನೆ, ಬೆಂಡೆ, ಹಸಿಮೆಣಸು, ಹೂಕೋಸು. ಇವಕ್ಕೆ ಹುಳದ ಕಾಟ ಜಾಸ್ತಿ, ಹಾಗಾಗಿ ಔಷಧಿಯೂ ಜಾಸ್ತಿ, ಮತ್ತೆ ನಾವು ಇವನ್ನು ಸಿಪ್ಪೆ ಸಮೇತ ತಿನ್ನುತ್ತೇವೆ. ಈರುಳ್ಳಿ, ಕುಂಬಳಕಾಯಿ ಮಾಮೂಲಿ ಅಂಗಡಿಯಿಂದಲೇ ಬರಲಿ.

ಇನ್ನೊಂದು ಮಾತು. ಕೊಳೆತು ಎಸೆದ ಅರ್ಧ ಕಟ್ಟು ಕೊತ್ತಂಬರಿ, ಚರಂಡಿಗೆ ಹೋದ ಸಾರು, ನಾಯಿಗೆ ಹಾಕಿದ ಅನ್ನ, ಇವನ್ನು ಒಂದು ತಿಂಗಳು ಬರೆದಿಡಿ. ನಾನು ಬರೆದಿದ್ದೆ. ಆ ಚೀಟಿಯನ್ನು ನಮ್ಮ ಮನೆಯವರಿಗೆ ತೋರಿಸಲಿಲ್ಲ.

ಸಾವಯವ ಅಲ್ವಾ, ಸುಮ್ನೆ ನೀರಲ್ಲಿ ಅದ್ದಿ ತೆಗೆದ್ರೆ ಸಾಕಲ್ವಾ?

ಸಾಲದು. ಅಲ್ಲಿ ಸಗಣಿ ಗೊಬ್ಬರ, ಸಗಣಿ ಗಂಜಲ ಕಲಸಿ ಹುಳಿಬರಿಸಿದ ಜೀವಾಮೃತ ಬಳಸಿರುತ್ತಾರೆ. ಹೊಟ್ಟೆ ಕೆಡಿಸುವ ರೋಗಾಣು ಅದರಲ್ಲೂ ಇರಬಹುದು. ಸೊಪ್ಪನ್ನು ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಕೈಯಾಡಿಸಿ, ಸೊಪ್ಪನ್ನು ಮೇಲೆತ್ತಿ. ನೀರು ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ. ಮೂರು ಸಲ ಹೀಗೆ ಮಾಡಿ. ಹೂಕೋಸನ್ನು ಬಿಡಿಸಿ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಹುಳ ತಾನೇ ಮೇಲೆ ಬರುತ್ತದೆ. ಕೋಸಂಬರಿಗೆ ಹಾಕುವ ಹಸಿ ತರಕಾರಿಯನ್ನು ಕೊನೆಗೆ ಕುಡಿಯುವ ನೀರಿನಲ್ಲಿ ತೊಳೆಯಿರಿ.

ಎಲ್ಲ ಸ್ವಲ್ಪ ಸ್ವಲ್ಪ ಇರುತ್ತೆ. ಎರಡು ಬದನೆ, ಒಂದು ಮೂಲಂಗಿ, ನಾಲ್ಕು ಬೆಂಡೆ. ಏನು ಮಾಡ್ಲಿ ಅಂತ ತಲೆನೇ ಓಡಲ್ಲ.

ತರಕಾರಿಗೊಂದು ಅಡುಗೆ ಅಂತ ಕಲಿತಿದ್ದೇವಲ್ಲ, ತಲೆ ಓಡದೇ ಇರುವುದು ಅದಕ್ಕೇ. ಬದನೆ ಅಂದರೆ ಎಣ್ಣೆಗಾಯಿ, ಎಣ್ಣೆಗಾಯಿ ಅಂದರೆ ಎಂಟು ಬದನೆ. ಎರಡೇ ಇದ್ದರೆ ಕೈ ನಿಂತುಹೋಗುತ್ತದೆ.

ಹೀಗೆ ನೋಡಿ. ನಿಮಗೆ ಪಲ್ಯ, ಬೇಳೆಸಾರು, ಗೊಜ್ಜು, ಹಸಿ ಪಚಡಿ, ತಟ್ಟಿದ ರೊಟ್ಟಿ ಮಾಡಲು ಬರುತ್ತದೆ ಅಲ್ವಾ? ಇವು ಐದು ಅಚ್ಚು. ಬೆಲ್ಲದಚ್ಚಿನ ಹಾಗೆ, ಒಳಗೆ ಏನು ಸುರಿದರೂ ಆಕಾರ ಬರುತ್ತದೆ. ಮೂಲಂಗಿ, ಬದನೆ ಬೇಳೆಸಾರಿಗೆ ಹೋಗಲಿ. ಮೂಲಂಗಿಯ ಸೊಪ್ಪಿಗೆ ಒಂದು ಹಿಡಿ ಹೆಸರುಬೇಳೆ ಸೇರಿಸಿದರೆ ಪಲ್ಯ. ನಾಲ್ಕೇ ಬೆಂಡೆಯನ್ನು ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಗರಿಗರಿ ಹುರಿದು ಮೊಸರಿಗೆ ಹಾಕಿ, ಒಗ್ಗರಣೆ ಕೊಡಿ. ಮೂರು ಅಡುಗೆ ಆಯಿತು.

ಬೇಯುವ ಹೊತ್ತು ಮಾತ್ರ ನೆನಪಿರಲಿ. ಗಟ್ಟಿಯದು ಮೊದಲು, ಮೆತ್ತನೆಯದು ಆಮೇಲೆ, ಸೊಪ್ಪು ಕೊನೆಗೆ.

## ನಮ್ಮ ಕಡೆಯ ಕಾಲ, ನಮ್ಮ ಕಡೆಯ ತರಕಾರಿ

ದಾವಣಗೆರೆ, ಚಿತ್ರದುರ್ಗದ ಕಡೆ ಯಾವಾಗ ಏನು ಚೆನ್ನಾಗಿರುತ್ತೆ?

ನೀರಿದ್ದಲ್ಲಿ ಒಂದು ಲೆಕ್ಕ, ಮಳೆ ನಂಬಿದಲ್ಲಿ ಇನ್ನೊಂದು. ಭದ್ರಾ ನಾಲೆಯ ಬಯಲಿನಲ್ಲಿ ಭತ್ತ, ಚನ್ನಗಿರಿ ಕಡೆ ಅಡಿಕೆ. ಜಗಳೂರು, ಚಳ್ಳಕೆರೆ ಕಡೆ ಮಳೆ ಬಂದರೆ ಬೆಳೆ. ಚಳ್ಳಕೆರೆ ಅಂತೂ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು.

ಮುಂಗಾರು ಹಿಡಿದ ಮೇಲೆ ಜೂನ್, ಜುಲೈನಲ್ಲಿ ಸೊಪ್ಪಿನ ಸುಗ್ಗಿ. ದಂಟು, ರಾಜಗಿರಿ, ಪುಂಡಿ, ಮತ್ತೆ ಹೊಲದಲ್ಲಿ ತಾನೇ ಹುಟ್ಟುವ ಸೊಪ್ಪು. ನುಗ್ಗೆಯೂ ಎಳೆ ಚಿಗುರು ಬಿಡುತ್ತದೆ. ಆಗಸ್ಟ್, ಸೆಪ್ಟೆಂಬರ್ ಬಳ್ಳಿಯ ಕಾಯಿಗಳ ಕಾಲ: ಹೀರೆ, ಸೋರೆ, ಪಡವಲ, ಹಾಗಲ, ಸೌತೆ. ದುರ್ಗದ ಕಡೆಯ ಈರುಳ್ಳಿ ಬರುವುದೂ ಆಗಲೇ. ಮಳೆಗಾಲದ ಆ ಈರುಳ್ಳಿಯಲ್ಲಿ ನೀರಿನ ಅಂಶ ಜಾಸ್ತಿ. ಅಗ್ಗ ಅಂತ ಮೂಟೆ ತಂದರೆ ತಿಂಗಳೊಳಗೆ ಮನೆಯೆಲ್ಲ ವಾಸನೆ. ಇಡೋ ಈರುಳ್ಳಿ ಬೇಕಿದ್ದರೆ ಬೇಸಿಗೆಯಲ್ಲಿ ಕಿತ್ತದ್ದನ್ನು ತಗೊಳ್ಳಿ. ಆಲೂಗಡ್ಡೆ ಜೊತೆ ಒಂದೇ ಬುಟ್ಟಿಯಲ್ಲಿ ಹಾಕಬೇಡಿ, ಎರಡೂ ಬೇಗ ಕೆಡುತ್ತವೆ.

ಅಕ್ಟೋಬರ್ ಸುಮಾರಿಗೆ ಹಸಿ ಶೇಂಗಾ. ಉಪ್ಪು ಹಾಕಿ ಬೇಯಿಸಿದ ಒಂದು ಬಟ್ಟಲು ಇಟ್ಟರೆ ಆ ರಾತ್ರಿ ಮನೆಯಲ್ಲಿ ಊಟ ಯಾರಿಗೂ ಬೇಡ. ಡಿಸೆಂಬರಿನಿಂದ ಸಂಕ್ರಾಂತಿ ದಾಟುವವರೆಗೆ ಅವರೆ, ತೊಗರಿಕಾಯಿ, ಹಸಿ ಕಡಲೆ, ಮೆಂತ್ಯ, ಮೂಲಂಗಿ, ಗಜ್ಜರಿ. ವರ್ಷದಲ್ಲಿ ಅಡುಗೆಯವರಿಗೆ ಕೆಲಸ ಕಡಿಮೆ, ಹೆಸರು ಜಾಸ್ತಿ ಬರುವ ಕಾಲ ಇದು. ಯುಗಾದಿ ಹೊತ್ತಿಗೆ ಮಾವಿನಕಾಯಿ, ಹೊಸ ಹುಣಸೆಹಣ್ಣು.

ಏಪ್ರಿಲ್, ಮೇನಲ್ಲಿ ಸೊಪ್ಪು ಮುಟ್ಟೋ ಹಾಗಿಲ್ಲ, ಇದ್ರೂ ಬಾಡಿರುತ್ತೆ. ಆಗ ಏನ್ಮಾಡ್ತೀರಿ?

ಆಗ ಡಬ್ಬಿ ತೆಗೆಯುತ್ತೇವೆ. ಚಳಿಗಾಲದಲ್ಲಿ ನೆರಳಿನಲ್ಲಿ ಒಣಗಿಸಿಟ್ಟ ಕಡಲೆ ಸೊಪ್ಪು, ಮೆಂತ್ಯ ಸೊಪ್ಪು. ಸೀಳಿ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ, ಗೋರಿಕಾಯಿ ಬಾಳಕ. ಹುರುಳಿ, ಅಲಸಂದೆ, ಹೆಸರು ಮೊಳಕೆ ಕಟ್ಟಿದರೆ ಅದೇ ತರಕಾರಿ. ನಮ್ಮ ಬೇಸಿಗೆಯಲ್ಲಿ ರಾತ್ರಿ ಕಟ್ಟಿದ ಹೆಸರುಕಾಳು ಬೆಳಿಗ್ಗೆಗೇ ಬಾಲ ಬಿಟ್ಟಿರುತ್ತದೆ.

ಕುಂಬಳಕಾಯಿ, ಬೂದಗುಂಬಳ ಇಡಿಯಾಗಿದ್ದರೆ ತಿಂಗಳುಗಟ್ಟಲೆ ಇರುತ್ತವೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ ಮೂರೂ ಇದ್ದರೆ ಪಲ್ಯ ಇಲ್ಲದ ದಿನವೂ ರೊಟ್ಟಿ ಇಳಿಯುತ್ತದೆ. ಬೇಸಿಗೆಯಲ್ಲಿ ಪಾಲಕ್ ಹುಡುಕಿಕೊಂಡು ಊರೆಲ್ಲ ಅಲೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಬೆರಕೆ ಸೊಪ್ಪಿನ ಬಸ್ಸಾರು ಮಾಡ್ತೀನಿ, ನೀರು ನೀರಾಗುತ್ತೆ. ಅಮ್ಮ ಮಾಡಿದ ಹಾಗೆ ಬರಲ್ಲ.

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಇದೊಂದು ಕೈಗೆ ಹತ್ತಿದರೆ ಬುಟ್ಟಿಯ ಅರ್ಧ ಚಿಂತೆ ಹೋದಂತೆ. ಒಂದೇ ಒಲೆಯಲ್ಲಿ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ, ಯಾವ ಸೊಪ್ಪು ಅಂತ ಯಾರೂ ಕೇಳುವುದಿಲ್ಲ.

ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ, ಎರಡು ಮೂರು ಕಟ್ಟು ಸೊಪ್ಪು. ಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸಬೇಡಿ. ಮೊದಲ ತಪ್ಪು ಆಗುವುದು ಇಲ್ಲೇ. ತೆರೆದ ಪಾತ್ರೆಯಲ್ಲಿ ಆರು ಲೋಟ ನೀರಿಟ್ಟು ಬೇಯಿಸಿ. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಹಿಸುಕಬೇಕು, ಆದರೆ ನೀರಿನಲ್ಲಿ ಕರಗಿರಬಾರದು. ಆಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ. ಜಾಲರಿಯಲ್ಲಿ ಬಸಿಯಿರಿ. ಕೆಳಗೆ ಇಳಿದದ್ದು ಕಟ್ಟು.

ಈಗ ಮಸಾಲೆ. ಬಾಣಲೆಗೆ ಸ್ವಲ್ಪ ಎಣ್ಣೆ, ಒಂದು ದೊಡ್ಡ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಐದಾರು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು. ಈರುಳ್ಳಿಯ ಅಂಚು ಕಪ್ಪಗಾಗುವ ತನಕ ಹುರಿಯಿರಿ, ಕೆಂಪಗಾದರೆ ಸಾಲದು. ಕಾಯಿತುರಿ, ಅರ್ಧ ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬಿ. ರುಬ್ಬುವಾಗ ಬಸಿದ ಬೇಳೆ ಸೊಪ್ಪಿನಲ್ಲಿ ಒಂದು ಸೌಟು ತೆಗೆದು ಅದರ ಜೊತೆ ಹಾಕಿ. ನಿಮ್ಮ ಅಮ್ಮನ ಕೈಗುಣ ಆ ಒಂದು ಸೌಟಿನಲ್ಲಿತ್ತು. ಸಾರು ಮಂದ ಆಗುವುದು, ರುಚಿ ಹಿಡಿದುಕೊಳ್ಳುವುದು ಅದರಿಂದ. ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ. ಮಿಕ್ಕ ಬೇಳೆ ಸೊಪ್ಪಿಗೆ ಸಾಸಿವೆ, ಒಣಮೆಣಸು, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿ.

ಸಾರು ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಅದಕ್ಕೇ ನಾನು ಯಾವಾಗಲೂ ಬೇಕೆಂತಲೇ ಜಾಸ್ತಿ ಮಾಡುತ್ತೇನೆ.

ಹೊಲದ ಬದುವಿನ ಸೊಪ್ಪು, ಕಳೆ ಸೊಪ್ಪು ತಿನ್ನಬಹುದಾ?

ಅಣ್ಣೆ, ಕನ್ನೆ, ಗೋಣಿ, ಹೊನಗೊನೆ, ಕೀರೆ, ಎಳೆಯ ತಗಚೆ, ಇವೆಲ್ಲ ನಮ್ಮ ಅಜ್ಜಿಯರು ಮಡಿಲು ತುಂಬ ತಂದ ಸೊಪ್ಪುಗಳೇ. ಆದರೆ ಅವರ ಕಾಲದ ಹೊಲ ಬೇರೆ. ಈಗ ನಮ್ಮ ಕಡೆ ಎಲ್ಲಿ ನೋಡಿದರೂ ಮೆಕ್ಕೆಜೋಳ, ಮೆಕ್ಕೆಜೋಳ ಇದ್ದಲ್ಲಿ ಕಳೆನಾಶಕ. ಹೊಲದವರನ್ನು ಕೇಳದೆ ಒಂದು ಎಲೆಯನ್ನೂ ಕೀಳಬೇಡಿ. ರಸ್ತೆ ಬದಿಯದು, ಚರಂಡಿ ಪಕ್ಕದ್ದು ಬೇಡ. ಫೋಟೊ ನೋಡಿ ಗುರುತು ಹಿಡಿಯಲು ಹೋಗಬೇಡಿ, ಉಮ್ಮತ್ತಿಯಂಥ ವಿಷದ ಗಿಡವೂ ಅದೇ ಬದುವಿನಲ್ಲಿರುತ್ತದೆ. ಗೊತ್ತಿರುವ ಹಿರಿಯರ ಜೊತೆ ಒಂದು ಮಳೆಗಾಲ ಓಡಾಡಿದರೆ ಕಣ್ಣಿಗೆ ಅಭ್ಯಾಸ ಆಗುತ್ತದೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ತಿನ್ನಿ, ಕೆಲವು ಸೊಪ್ಪಿನಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಜಾಸ್ತಿ.

ಸೋರೆಕಾಯಿ ಕಹಿ ಇತ್ತು. ಬೆಲ್ಲ ಹಾಕಿದ್ರೆ ಸರಿಹೋಗುತ್ತಾ?

ಇಲ್ಲ. ಎಸೆಯಿರಿ. ಈ ಇಡೀ ಪುಟದಲ್ಲಿ ನಾನು ಕಣ್ಣುಮುಚ್ಚಿ ಎಸೆಯಿರಿ ಅನ್ನುವುದು ಇದೊಂದನ್ನೇ. ಸೋರೆ, ಹೀರೆ, ಸೌತೆ ಜಾತಿಯ ಕಾಯಿ ಕಹಿ ಇದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಸೇರಿದೆ ಅಂತ ಅರ್ಥ. ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ಕೆಲವೊಮ್ಮೆ ರಕ್ತವಾಂತಿ ತನಕ ಹೋಗುತ್ತದೆ. ದೇಶದಲ್ಲಿ ಕಹಿ ಸೋರೆಕಾಯಿ ರಸ ಕುಡಿದು ಜೀವ ಹೋದದ್ದೂ ಇದೆ. ಹಾಗಲಕಾಯಿಯ ಕಹಿ ಬೇರೆ, ಅದು ಅದರ ಸಹಜ ಗುಣ.

ನಾನು ಒಮ್ಮೆ ಕಹಿ ಹೀರೇಕಾಯಿ ಚಟ್ನಿಗೆ ಬೆಲ್ಲ, ಹುಣಸೆ ಹಾಕಿ ಜಾಣೆ ಅಂದುಕೊಂಡಿದ್ದೆ. ಆ ರಾತ್ರಿ ಮೂರು ಗಂಟೆಯವರೆಗೆ ನಿದ್ದೆ ಇಲ್ಲ. ಆವತ್ತಿನಿಂದ ಹೆಚ್ಚುವ ಮೊದಲು ತುದಿಯ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ ಉಗಿಯುತ್ತೇನೆ.

## ಉಳಿದದ್ದಕ್ಕೆ ಏನು ದಾರಿ

ರಾತ್ರಿ ಅನ್ನ ಬೆಳಿಗ್ಗೆ ಚಿತ್ರಾನ್ನ ಮಾಡ್ತೀವಿ. ಈಗ ಡಾಕ್ಟ್ರು ಬೇಡ ಅಂತಾರೆ. ಯಾವುದು ಸರಿ?

ಇಬ್ಬರೂ ಸರಿ. ಅನ್ನ ಆ ರಾತ್ರಿ ಎಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯದ ಬೀಜಾಣು ಇರುತ್ತದೆ. ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹಲವು ಗಂಟೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಬೆಳಿಗ್ಗೆ ಒಗ್ಗರಣೆಯ ಬಿಸಿಗೂ ಜಗ್ಗುವುದಿಲ್ಲ. ಕುಕ್ಕರಿನ ಮುಚ್ಚಳ ಹಾಕಿ ರಾತ್ರಿಯೆಲ್ಲ ಕಟ್ಟೆ ಮೇಲೆ ಬಿಟ್ಟ ಅನ್ನ, ಅದೂ ನಮ್ಮ ಮೇ ತಿಂಗಳ ಸೆಕೆಯಲ್ಲಿ, ಬೇಡ.

ಊಟ ಆದ ತಕ್ಷಣ ಅನ್ನವನ್ನು ತಟ್ಟೆಗೆ ಹರವಿ ಆರಿಸಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ಬಿರುಬೇಸಿಗೆಯಲ್ಲಿ ಒಂದು ಗಂಟೆಯೊಳಗೆ. ಬೆಳಿಗ್ಗೆ ಅದರಲ್ಲಿ ಮಾಡುವ ಚಿತ್ರಾನ್ನ ಹೊಸ ಅನ್ನದ್ದಕ್ಕಿಂತ ಉದುರುದುರಾಗಿ ಬರುತ್ತದೆ. ಹಬೆ ಬರುವಷ್ಟು ಬಿಸಿ ಮಾಡಿ, ಒಂದೇ ಸಲ.

ಹಳಬರು ಅನ್ನಕ್ಕೆ ನೀರು, ಮಜ್ಜಿಗೆ ಹಾಕಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದರು. ಹುಳಿ ಬಂದರೆ ಕೆಟ್ಟ ಬ್ಯಾಕ್ಟೀರಿಯಕ್ಕೆ ಜಾಗ ಕಡಿಮೆ. ಆದರೆ ಅಂಟಂಟಾಗಿದ್ದರೆ, ವಾಸನೆ ತಿರುಗಿದ್ದರೆ ಬೇಡ. ಎಳೆ ಮಕ್ಕಳಿಗೆ, ಬಸುರಿಯರಿಗೆ ಹೊಸ ಅನ್ನವೇ ಇರಲಿ.

ಮುದ್ದೆ, ರೊಟ್ಟಿ ಉಳಿದ್ರೆ?

ಮುದ್ದೆಯನ್ನು ಮುರಿದು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ, ಜಜ್ಜಿದ ಹಸಿಮೆಣಸು. ಬೇಸಿಗೆಯ ಬೆಳಿಗ್ಗೆ ಹತ್ತು ಗಂಟೆಗೆ ಇದಕ್ಕಿಂತ ತಂಪಾದದ್ದು ಇನ್ನೊಂದಿಲ್ಲ.

ಜೋಳದ ರೊಟ್ಟಿ ಮೆತ್ತಗಿದ್ದರೆ ಅದೇ ರಾತ್ರಿ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಖಡಕ್ ಮಾಡಿಬಿಡಿ, ವಾರಗಟ್ಟಲೆ ಇರುತ್ತದೆ. ಬೆಳಿಗ್ಗೆ ನೋಡಿದಿರಾ? ಹಾಗಾದರೆ ಚೂರು ಮಾಡಿ, ಸ್ವಲ್ಪ ನೀರು ಚಿಮುಕಿಸಿ, ಈರುಳ್ಳಿ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಶೇಂಗಾ ಪುಡಿ. ಚಪಾತಿಗೂ ಇದೇ ದಾರಿ.

ಮಂಡಕ್ಕಿ ಮೆತ್ತಗಾಗಿದೆ, ಎಸೀಬೇಕಾ?

ದಾವಣಗೆರೆಯಲ್ಲಿದ್ದು ಈ ಪ್ರಶ್ನೆ ಕೇಳಬಾರದು! ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ, ಮತ್ತೆ ಗರಿ ಆಗುತ್ತದೆ. ಆಮೇಲೆ ಬೆಳ್ಳುಳ್ಳಿ ಒಗ್ಗರಣೆ, ಪುಟಾಣಿ ಪುಡಿ, ಅರಿಶಿನ, ಖಾರ. ಜೊತೆಗೆ ಮಿರ್ಚಿ ಕರಿಯುವುದು ಬಿಡುವುದು ನಿಮಗೆ ಸೇರಿದ್ದು.

ಗರಿ ಆಗಲೇ ಇಲ್ಲ ಅಂದರೆ ದೋಸೆ ಹಿಟ್ಟಿಗೆ ಹಾಕಿ. ನಮ್ಮೂರ ಬೆಣ್ಣೆದೋಸೆ ಹಿಟ್ಟಿಗೆ ಮಂಡಕ್ಕಿ ಹಾಕುವುದು ಹಳೇ ರೂಢಿ. ಮೂರು ಲೋಟ ಅಕ್ಕಿಗೆ ಎರಡು ದೊಡ್ಡ ಹಿಡಿ, ಹತ್ತು ನಿಮಿಷ ನೆನೆಸಿ ಹಿಂಡಿ ರುಬ್ಬಿ. ಆ ಹಿಟ್ಟು ಮೂರನೇ ದಿನ ಹುಳಿಯಾದರೆ ಈರುಳ್ಳಿ, ಹಸಿಮೆಣಸು ಸೇರಿಸಿ ಪಡ್ಡು ಹಾಕಿ.

ಪಲ್ಯ ಉಳಿಯುತ್ತೆ, ಮಕ್ಕಳು ಎರಡನೇ ಸಲ ಮುಟ್ಟಲ್ಲ.

ಮಕ್ಕಳು ಮುಟ್ಟದಿರುವುದು ಅದೇ ಬಟ್ಟಲಲ್ಲಿ ಅದೇ ಮುಖ ಹೊತ್ತು ಬಂದ ಪಲ್ಯವನ್ನು. ತಟ್ಟಿದ ರೊಟ್ಟಿಯೊಳಗೆ ಹೋದರೆ ಗುರುತೇ ಸಿಗುವುದಿಲ್ಲ. ಒಂದು ಬಟ್ಟಲು ಪಲ್ಯ, ಒಂದು ಬಟ್ಟಲು ಕಿವುಚಿದ ಅನ್ನ, ಒಂದೂವರೆ ಬಟ್ಟಲು ಅಕ್ಕಿಹಿಟ್ಟು ಅಥವಾ ಜೋಳದ ಹಿಟ್ಟು, ಜೀರಿಗೆ, ಉಪ್ಪು. ಬಿಸಿನೀರು ಚೂರು ಚೂರೇ ಹಾಕಿ ಕಲಸಿ, ಪಲ್ಯದಲ್ಲೇ ನೀರಿರುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿ ಹೆಂಚಿಗೆ ಹಾಕಿ. ಜೋಳದ ಹಿಟ್ಟಿಗೆ ಜಿಗುಟು ಇಲ್ಲ, ಆ ಕೆಲಸವನ್ನು ಅನ್ನ ಮಾಡುತ್ತದೆ. ನೀರು ಬಿಟ್ಟ ಪಲ್ಯವಾದರೆ ಮೊದಲು ಬಾಣಲೆಯಲ್ಲಿ ಒಣಗಿಸಿಕೊಳ್ಳಿ.

ಸಿಪ್ಪೆ, ದಂಟು ಎಲ್ಲ ತಿನ್ನೋದು ಅತಿ ಆಯ್ತು ಅನ್ಸಲ್ವಾ?

ಕೆಲವು ಅತಿಯೇ. ಗಟ್ಟಿ ನಾರಿರುವುದು, ಹಸಿರಾದ ಆಲೂಗಡ್ಡೆಯ ಸಿಪ್ಪೆ, ಮೊಳಕೆ ಒಡೆದ ಭಾಗ ಬೇಡ. ಆದರೆ ಎಳೆ ಹೀರೆಯ ಸಿಪ್ಪೆ ಚಟ್ನಿ ಹೀರೇಕಾಯಿ ಪಲ್ಯಕ್ಕಿಂತ ರುಚಿ. ಕೊತ್ತಂಬರಿಯ ಕಾಂಡವನ್ನು ಎಸೆದು ಎಲೆ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಸಂಕಟ, ಘಮ ಇರುವುದೇ ಅಲ್ಲಿ. ಹೂಕೋಸಿನ ದಪ್ಪ ದಂಟು ಸಾರಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆ ಹಿಟ್ಟಿಗೆ. ಮಾಮೂಲಿ ಮಾರ್ಕೆಟ್ಟಿನ ತರಕಾರಿಯಾದರೆ ಸಿಪ್ಪೆಯ ಆಸೆ ಬಿಟ್ಟುಬಿಡಿ.

ಫ್ರಿಜ್ಜಲ್ಲಿ ಎಷ್ಟು ದಿನ ಇಡಬಹುದು?

ಬೇಯಿಸಿದ್ದು ಮೂರು ದಿನ. ಅನ್ನ, ಕಾಯಿ ಹಾಕಿದ್ದು ಮಾರನೇ ದಿನ ಮುಗಿಸಿ. ಕರೆಂಟು ಹೋಗಿ ಬಂದು ಮಾಡುವ ಬೇಸಿಗೆಯಲ್ಲಿ ಈ ಲೆಕ್ಕವನ್ನೂ ನಂಬಬೇಡಿ.

ಹಬ್ಬದ ಹೂರಣ, ಹೋಳಿಗೆ ಸಾರು ರಾಶಿ ಉಳಿಯುತ್ತೆ. ಏನ್ಮಾಡೋದು?

ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ದುಗ್ಗಮ್ಮನ ಜಾತ್ರೆ ಹೊತ್ತಿಗೆ ಈ ಫೋನು ತಪ್ಪದೆ ಬರುತ್ತದೆ. ನೆಂಟರು ಬರುತ್ತಾರೆ ಅಂತ ಮಾಡುವುದು ಐದು ಸೇರಿನ ಅಂದಾಜಿನಲ್ಲಿ. ಉಳಿದ ಹೂರಣವನ್ನು ಉಂಡೆ ಕಟ್ಟಿ, ದೋಸೆ ಹಿಟ್ಟಿನಷ್ಟು ಗಟ್ಟಿ ಅಕ್ಕಿಹಿಟ್ಟಿನಲ್ಲಿ ಅದ್ದಿ ಕರಿಯಿರಿ. ಹೋಳಿಗೆ ಸಾರನ್ನು ದಿನಕ್ಕೆ ಬೇಕಾದಷ್ಟೇ ಬೇರೆ ತೆಗೆದು ಕುದಿಸಿ. ಇಡೀ ಪಾತ್ರೆಯನ್ನು ಹೊತ್ತು ಹೊತ್ತಿಗೂ ಬಿಸಿ ಮಾಡಿದರೆ ಕೆಡುವುದು ಬೇಗ.

## ಕೈ ಸ್ವಲ್ಪ ಪಳಗಿದ ಮೇಲೆ

ನೀವು ಅಳತೆನೇ ಹೇಳಲ್ಲ. 'ಅಂದಾಜು' ಅಂದ್ರೆ ನಮಗೆ ಹೇಗೆ ಗೊತ್ತಾಗಬೇಕು?

ನ್ಯಾಯವಾದ ಸಿಟ್ಟು. ಎರಡು ಅಳತೆ ಗಟ್ಟಿ ಮಾಡಿಕೊಳ್ಳಿ. ಅರ್ಧ ಕೆ.ಜಿ. ತರಕಾರಿ ಪಲ್ಯಕ್ಕೆ ಮಟ್ಟಸವಾಗಿ ಒಂದು ಚಮಚ ಉಪ್ಪು. ಸೊಪ್ಪು ಬೆಂದರೆ ಹಿಡಿಯಷ್ಟಾಗುತ್ತದೆ, ಅದಕ್ಕೆ ಉಪ್ಪು ಬಾಡಿದ ಮೇಲೆಯೇ ಹಾಕಿ. ಉಳಿದ ಖಾರ, ಹುಳಿ ನಾಲಿಗೆಯ ಕೆಲಸ. ಒಂದೇ ಊರಿನ ಮೆಣಸಿನಕಾಯಿ ಎರಡು ಮಳೆಗೆ ಎರಡು ಖಾರ ಇರುತ್ತದೆ, ನಾನು ಅಳತೆ ಬರೆದರೂ ಸುಳ್ಳಾಗುತ್ತದೆ.

ಎಷ್ಟು ಹೊತ್ತು ಬೇಯಿಸಿದ್ರೂ ತರಕಾರಿ, ಬೇಳೆ ಗಟ್ಟಿನೇ ಇರುತ್ತೆ. ಯಾಕೆ?

ಹುಣಸೆ, ಟೊಮೆಟೊ ಮೊದಲೇ ಹಾಕಿರುತ್ತೀರಿ. ಹುಳಿ ಬಿದ್ದರೆ ತರಕಾರಿಯನ್ನು ಒಳಗೆ ಗಟ್ಟಿ ಹಿಡಿದಿಡುವ ಪೆಕ್ಟಿನ್ ಕರಗುವುದಿಲ್ಲ, ಅದು ಕರಗದೆ ಮೆತ್ತಗಾಗುವುದಿಲ್ಲ. ಪೂರ್ತಿ 'ಬೆಂದ' ಮೇಲೆಯೇ ಹುಳಿ. ಹುಳಿ ಹಾಕದೆಯೂ ಗಟ್ಟಿಯಿದ್ದರೆ ನೀರನ್ನು ನೋಡಿ. ಬೋರಿನ ಗಡಸು ನೀರಿನ ಸುಣ್ಣದಂಶ ಸಹ ಬೇಳೆಯನ್ನು ಬಿಗಿ ಹಿಡಿಯುತ್ತದೆ. ಬೇಳೆಗೆ ಮಾತ್ರ ನಲ್ಲಿ ನೀರೋ ಫಿಲ್ಟರ್ ನೀರೋ ಇಟ್ಟುಕೊಳ್ಳಿ. ಇದೇ ಗುಣವನ್ನು ಉಲ್ಟಾ ಬಳಸಬಹುದು: ಬೆಂಡೆಗೆ ಮೊದಲೇ ಎರಡು ಹನಿ ನಿಂಬೆರಸ ಹಾಕಿದರೆ ಹೋಳು ಮುರಿಯುವುದಿಲ್ಲ, ಲೋಳೆಯೂ ಕಡಿಮೆ.

ಅಕ್ಕಿ ಬದಲು ನವಣೆ, ಸಾಮೆ ಹಾಕಿದ್ರೆ ಇದೆಲ್ಲ ನಡೆಯುತ್ತಾ?

ನಡೆಯುತ್ತದೆ. ಅರ್ಧ ಗಂಟೆ ನೆನೆಸಿ, ಒಂದಕ್ಕೆ ಎರಡೂಕಾಲು ನೀರು. ಹಾರಕ ಇನ್ನೂ ಸ್ವಲ್ಪ ಹೊತ್ತು ಕೇಳುತ್ತದೆ. ಆರಿದ ಮೇಲೆ ನವಣೆ ಅನ್ನ ಒಣಗುತ್ತದೆ, ಆದ್ದರಿಂದ ಉಳಿದದ್ದನ್ನು ಚಿತ್ರಾನ್ನ ಮಾಡುವುದಕ್ಕಿಂತ ಮೊಸರನ್ನ ಮಾಡಿ, ಇಲ್ಲವೇ ಬಸ್ಸಾರಿಗೆ ಹಾಕಿ ಬಿಸಿಬೇಳೆಬಾತಿನ ಹಾಗೆ ಕುದಿಸಿ.

ಒಂದೇ ಸಲ ಐದು ಕೆ.ಜಿ. ಟೊಮೆಟೊ ಬಂತು. ಕೊಳೆಯೋ ಮುಂಚೆ ಏನ್ಮಾಡ್ಲಿ?

ಒಂದು ಕೆ.ಜಿ. ಪಕ್ಕದ ಮನೆಗೆ. ತಮಾಷೆಗೆ ಹೇಳುತ್ತಿಲ್ಲ, ಮುಂದಿನ ತಿಂಗಳು ಅವರ ನುಗ್ಗೆಮರ ಕಾಯಿ ಬಿಡುತ್ತದೆ. ಮಿಕ್ಕದ್ದನ್ನು ಹೆಚ್ಚಿ, ಉಪ್ಪು, ಅರಿಶಿನ ಹಾಕಿ, ನೀರು ಹಾಕದೆ, ಅಗಲ ಬಾಣಲೆಯಲ್ಲಿ ಗಟ್ಟಿಯಾಗುವ ತನಕ ಬಾಡಿಸಿ. ಸೌಟು ಎಳೆದರೆ ತಳ ಕಾಣಬೇಕು. ಸಣ್ಣ ಡಬ್ಬಿಗಳಲ್ಲಿ ಫ್ರಿಜ್ಜಿನಲ್ಲಿ ಒಂದು ವಾರ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ. ಇದು ಉಪ್ಪಿನಕಾಯಿ ಅಲ್ಲ, ಹೊರಗೆ ಇಡಬೇಡಿ. ಬದನೆ ಜಾಸ್ತಿ ಬಂದರೆ ಎಲ್ಲವನ್ನೂ ಕೆಂಡದಲ್ಲೋ ಗ್ಯಾಸಿನಲ್ಲೋ ಸುಟ್ಟು ಸಿಪ್ಪೆ ತೆಗೆದಿಡಿ. ಎರಡು ದಿನ ಗೊಜ್ಜಿನ ಚಿಂತೆ ಇಲ್ಲ.

ನಮ್ಮತ್ತೆ 'ತಂಗಳು' ಅಂತ ಮುಖ ತಿರುಗಿಸ್ತಾರೆ. ಹೇಗೆ ಹೇಳೋದು?

ಹೇಳಲೇಬೇಡಿ. ಅವರಿಗೇ ಕೇಳಿ: 'ಅತ್ತೆ, ನಿಮ್ಮ ತವರಲ್ಲಿ ಉಳಿದ ಮುದ್ದೆ ಏನು ಮಾಡ್ತಿದ್ರಿ?' ಅಂತ. ನಾನು ಹೀಗೆ ಕೇಳಿಯೇ ನಮ್ಮತ್ತೆಯಿಂದ ಅರ್ಧ ಅಡುಗೆ ಕಲಿತದ್ದು. ಅವರಿಗೆ ಬೇಸರ ಇದ್ದದ್ದು ನಿನ್ನೆಯದು ಅನ್ನುವುದಕ್ಕಲ್ಲ, ನಾನು ಅದನ್ನು ಹಾಗೇ ತಣ್ಣಗೆ ಮುಂದಿಟ್ಟದ್ದಕ್ಕೆ. ಹೊಸ ಒಗ್ಗರಣೆಯ ಚಟಪಟ ಕೇಳಿಸಿದರೆ ಸಾಕಿತ್ತು.

ಸುಮ್ನೆ ಕೇಳ್ತೀನಿ, ನಿನ್ನೆ ನಿಮ್ಮ ಮನೇಲಿ ಏನಡುಗೆ?

ನಿನ್ನೆ ಮಂಗಳವಾರ, ಬುಟ್ಟಿಯ ತಳ. ಅರ್ಧ ಸೋರೆಕಾಯಿ, ಬಾಡಿದ ಐದು ಗೋರಿಕಾಯಿ, ಸಬ್ಬಸಿಗೆ ಒಂದು ಹಿಡಿ, ಸೋಮವಾರದ ಬಸ್ಸಾರು ಎರಡು ಸೌಟು. ಸೋರೆಕಾಯಿ ತುರಿದು, ಸಬ್ಬಸಿಗೆ ಸೇರಿಸಿ ರೊಟ್ಟಿ ತಟ್ಟಿದೆ. ಗೋರಿಕಾಯಿಯನ್ನು ಸಣ್ಣಗೆ ಹೆಚ್ಚಿ ಶೇಂಗಾ ಪುಡಿ ಹಾಕಿ ಪಲ್ಯ, ಮೂರು ಜನಕ್ಕೆ ಮೂರು ಮೂರು ತುತ್ತು ಬಂತು. ಬಸ್ಸಾರಿಗೆ ಒಂದು ಹಿಡಿ ಮೊಳಕೆ ಹುರುಳಿ ಬೇಯಿಸಿ ಹಾಕಿ ಹಿಗ್ಗಿಸಿದೆ. ಮಜ್ಜಿಗೆ ಮಾತ್ರ ಹೊಸದು. ಇವತ್ತಿನ ಬುಟ್ಟಿ ಇನ್ನೂ ಬಂದಿಲ್ಲ.